ತಿರುಗುವ ಸರಳಿಲ್ಲದೆ ಮನೆಯಲ್ಲಿ ಚಿಕನ್ ಶವರ್ಮಾ: ಕಾವಲಿಯಲ್ಲೇ ಆಗುತ್ತದಾ?

ಬೆಜೈ ಮನೆ
ಎಲ್ಲರಿಗೂ ನಮಸ್ಕಾರ. ಎಪ್ರಿಲ್ ರಜೆಗೆ ಅಕ್ಕನ ಮಕ್ಕಳು, ಅಣ್ಣನ ಮಕ್ಕಳು ಎಲ್ಲ ನಮ್ಮಲ್ಲಿಗೆ ಬರುತ್ತಿದ್ದಾರೆ. ಎಲ್ಲರದ್ದೂ ಒಂದೇ ಬೇಡಿಕೆ, ಶವರ್ಮಾ. ಈ ಸೆಕೆಯಲ್ಲಿ ಹೊರಗಿನ ಮಯೋನೀಸ್ ಮಕ್ಕಳಿಗೆ ಕೊಡಲು ನನಗೆ ಧೈರ್ಯ ಇಲ್ಲ. ಮನೆಯಲ್ಲೇ ಮಾಡುತ್ತೇನೆ ಅಂತ ಹೇಳಿಬಿಟ್ಟಿದ್ದೇನೆ.

ನನ್ನ ಹತ್ತಿರ ಇರುವುದು ಗ್ಯಾಸ್ ಸ್ಟವ್, ದಪ್ಪ ಕಬ್ಬಿಣದ ಕಾವಲಿ, ಒಂದು ಸಣ್ಣ ಓಟಿಜಿ (ಕರೆಂಟಿನ ಓವನ್), ಮಿಕ್ಸಿ. ಮನೆಯಲ್ಲಿ ಮಾಡಿದ ಶವರ್ಮಾ ಹೆಚ್ಚಿನ ಕಡೆ ಕೋಳಿ ಸುಕ್ಕವನ್ನು ಚಪಾತಿಯಲ್ಲಿ ಸುತ್ತಿದ ಹಾಗೆ ಇರುತ್ತದೆ. ರುಚಿ ಇರುತ್ತದೆ, ಆದರೆ ಅದು ಶವರ್ಮಾ ಅಲ್ಲ. ಆ ಕರಿದ ಅಂಚು, ಬೆಳ್ಳುಳ್ಳಿ ಸಾಸ್, ಮೆತ್ತಗಿನ ಕುಬ್ಬೂಸ್ (ಅರಬ್ಬಿ ರೊಟ್ಟಿ), ಈ ಮೂರೂ ಬರಬೇಕು. ಹೇಗೆ ಮಾಡುವುದು? ಗೊತ್ತಿದ್ದವರು ಬಿಡಿಸಿ ಹೇಳಿ.

ಕಾರ್ಕಳ ಕಾವಲಿ
ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಸರಳಿನಲ್ಲಿ ನಡೆಯುವುದು ಎಂತ ಅಂತ ಮೊದಲು ನೋಡಿ. ಅಲ್ಲಿ ಬೆಂಕಿ ಹೊರಗಿನ ಪದರಕ್ಕೆ ಮಾತ್ರ ತಾಗುತ್ತದೆ. ಆ ಪದರ ಒಣಗುತ್ತದೆ, ಕೆಂಪಾಗುತ್ತದೆ, ಆಮೇಲೆ ಅದನ್ನಷ್ಟೇ ಕೆರೆದು ತೆಗೆಯುತ್ತಾರೆ. ಮೇಲಿಂದ ಕೊಬ್ಬು ಇಳಿದು ಕೆಳಗಿನ ಮಾಂಸವನ್ನು ನೆನೆಸುತ್ತಾ ಇರುತ್ತದೆ. ಅಂದರೆ ನಮಗೆ ಬೇಕಾದದ್ದು ಒಣ ಬಿಸಿ, ಕೊಬ್ಬು, ಮತ್ತು ಬೆಂದ ಮೇಲೆ ಕತ್ತರಿಸುವುದು. ಮನೆಯಲ್ಲಿ ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲೇ ಸಣ್ಣ ಸಣ್ಣ ತುಂಡು ಮಾಡಿ, ಮಸಾಲೆ ಸಮೇತ ಬಾಣಲೆಗೆ ಸುರಿಯುತ್ತಾರೆ. ಅದು ನೀರು ಬಿಡುತ್ತದೆ, ಆ ನೀರಿನಲ್ಲೇ ಬೇಯುತ್ತದೆ. ಸುಕ್ಕ ಆಗುವುದು ಅಲ್ಲೇ.

ನಾನು ಮಾಡುವ ರೀತಿ ಹೇಳುತ್ತೇನೆ. ಒಂದು ಕಿಲೋ ಕೋಳಿ ತೊಡೆ, ಮೂಳೆ ತೆಗೆದದ್ದು. ಎದೆ ಮಾಂಸ ಬೇಡ. ತೊಡೆಯಲ್ಲಿ ಕೊಬ್ಬು ಜಾಸ್ತಿ, ಸ್ವಲ್ಪ ಹೆಚ್ಚು ಬೆಂದರೂ ನಾರಾಗುವುದಿಲ್ಲ. ತುಂಡು ಮಾಡದೆ ಇಡೀ ತೊಡೆಯನ್ನು ಪುಸ್ತಕದ ಹಾಗೆ ಬಿಡಿಸಿ, ದಪ್ಪ ಇರುವಲ್ಲಿ ಚೂರಿಯಿಂದ ಗೀರಿ ಎಲ್ಲ ಕಡೆ ಒಂದೇ ದಪ್ಪ ಮಾಡಿ. ಗಟ್ಟಿ ಮೊಸರು 150 ಗ್ರಾಂ, ಎರಡು ಚಮಚ ಲಿಂಬೆರಸ, ಮೂರು ಚಮಚ ಎಣ್ಣೆ, ಆರೇಳು ಎಸಳು ಬೆಳ್ಳುಳ್ಳಿ, 12 ಗ್ರಾಂ ಉಪ್ಪು. ಪುಡಿಗಳಲ್ಲಿ ಎರಡೆರಡು ಟೀ ಚಮಚ ಜೀರಿಗೆ, ಕೊತ್ತಂಬರಿ, ಬ್ಯಾಡಗಿ ಮೆಣಸು. ಒಂದು ಚಮಚ ಕಾಳುಮೆಣಸು, ಅರ್ಧರ್ಧ ಚಮಚ ಅರಿಶಿನ, ದಾಲ್ಚಿನ್ನಿ, ಏಲಕ್ಕಿ. ಲವಂಗ ಕಾಲು ಚಮಚ ಸಾಕು, ಅದು ಮುಂದೆ ಬಂದರೆ ಬಿರಿಯಾನಿ ವಾಸನೆ ಬರುತ್ತದೆ. ಜಾಯಿಕಾಯಿ ಚಿಟಿಕೆ. ಬಣ್ಣಕ್ಕೆ ಬ್ಯಾಡಗಿ ಸಾಕು, ಬೇರೆ ಬಣ್ಣ ಬೇಡವೇ ಬೇಡ. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಕೆಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿದ್ದಾರೆ, ಮನೆಯಲ್ಲಿ ನಾವು ಯಾಕೆ ಹಾಕಬೇಕು?

ಫ್ರಿಜ್‌ನಲ್ಲಿ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಇಡಿ. ಬೇಯಿಸುವ ಮೊದಲು ಮೇಲಿನ ಮಸಾಲೆಯನ್ನು ಕೈಯಿಂದ ಚೆನ್ನಾಗಿ ಒರೆಸಿ ತೆಗೆಯಿರಿ. ಇದು ಮುಖ್ಯ. ಮೊಸರು ದಪ್ಪಗೆ ಅಂಟಿಕೊಂಡಿದ್ದರೆ ಕಾವಲಿಯಲ್ಲಿ ಮೊದಲು ಅದರ ನೀರು ಆರಬೇಕು, ಅಷ್ಟರಲ್ಲಿ ಮಾಂಸ ಬೆಂದು ಹೋಗುತ್ತದೆ, ಅಂಚು ಕೆಂಪಾಗುವುದೇ ಇಲ್ಲ. ಕಾವಲಿ ಚೆನ್ನಾಗಿ ಕಾಯಲಿ. ಒಮ್ಮೆಗೆ ಮೂರು ನಾಲ್ಕು ತೊಡೆ ಮಾತ್ರ, ನಡುವೆ ಜಾಗ ಬಿಟ್ಟು. ಮುಚ್ಚಳ ಮುಚ್ಚಬೇಡಿ. ಒಂದು ಬದಿ ಐದಾರು ನಿಮಿಷ, ಮಗುಚಿ ಇನ್ನೊಂದು ಬದಿ ಐದು ನಿಮಿಷ. ತೆಗೆದು ಐದು ನಿಮಿಷ ಸುಮ್ನೆ ಬಿಡಿ. ಆಮೇಲೆ ಎಳೆಗೆ ಅಡ್ಡವಾಗಿ ತೆಳ್ಳಗೆ ಕತ್ತರಿಸಿ. ಕಾವಲಿಯಲ್ಲಿ ಉಳಿದ ಕೊಬ್ಬಿಗೇ ಈ ಚೂರುಗಳನ್ನು ಮತ್ತೆ ಹಾಕಿ ಜೋರು ಉರಿಯಲ್ಲಿ ಒಂದೆರಡು ನಿಮಿಷ. ಶವರ್ಮಾದ ಅಂಚು ಬರುವುದು ಈ ಎರಡನೇ ಸುತ್ತಿನಲ್ಲಿ.

ಬೆಜೈ ಮನೆ
ಎರಡು ಸಲ ಹುರಿಯುವುದು ನನಗೆ ಹೊಳೆದೇ ಇರಲಿಲ್ಲ! ಓಟಿಜಿಯಲ್ಲಿ ಮಾಡಿದರೆ ಇನ್ನೂ ಚೆಂದ ಬರಬಹುದಾ? ಅರ್ಧ ನೀರುಳ್ಳಿಗೆ ಬಿದಿರು ಕಡ್ಡಿ ಚುಚ್ಚಿ, ಅದಕ್ಕೆ ಮಾಂಸ ಪೋಣಿಸುವ ವಿಡಿಯೋ ತುಂಬಾ ನೋಡಿದ್ದೇನೆ.

ಕಾರ್ಕಳ ಕಾವಲಿ
ನೋಡಲು ಚೆಂದ, ಅಷ್ಟೇ. ಒಂದು ಕಿಲೋ ಒತ್ತೊತ್ತಾಗಿ ಪೋಣಿಸಿದರೆ ನಡುವೆ ಬೇಯಲು ಗಂಟೆಗಿಂತ ಜಾಸ್ತಿ ಬೇಕು. ಸಣ್ಣ ಓಟಿಜಿಯಲ್ಲಿ ಮೇಲಿನ ತುದಿ ರಾಡಿಗೆ ತಾಗಿ ಕರಟುತ್ತದೆ, ಬುಡ ಹಸಿ ಇರುತ್ತದೆ. ಓಟಿಜಿ ಬಳಸುವುದಾದರೆ ತೊಡೆಗಳನ್ನು ಜಾಲರಿ ಮೇಲೆ ಬಿಡಿಬಿಡಿಯಾಗಿ ಹರಡಿ, ಅಡಿಗೆ ಟ್ರೇ ಇಟ್ಟು 220 ಡಿಗ್ರಿಯಲ್ಲಿ 25 ನಿಮಿಷ. ಟ್ರೇಗೆ ಇಳಿದ ಕೊಬ್ಬನ್ನು ಚೆಲ್ಲಬೇಡಿ. ಎರಡನೇ ಸುತ್ತು ಕಾವಲಿಯಲ್ಲೇ, ಅದೇ ಕೊಬ್ಬಿನಲ್ಲಿ.

ಇನ್ನೊಂದು ವಿಷಯ. ನಮ್ಮ ಊರಿನ ಕೋಳಿ ಅಂಗಡಿಗಳಲ್ಲಿ ಚರ್ಮ ಸಮೇತ ಬೇಕಾ, ಚರ್ಮ ತೆಗೆದದ್ದು ಬೇಕಾ ಅಂತ ಕೇಳುತ್ತಾರೆ ಅಲ್ವಾ? ಚರ್ಮ ಸಮೇತ ತನ್ನಿ. ತೊಡೆಯ ಚರ್ಮ ಬಿಡಿಸಿ ಕಾವಲಿಯಲ್ಲಿ ಮೊದಲು ಅದನ್ನೇ ಸಣ್ಣ ಉರಿಯಲ್ಲಿ ಕರಗಿಸಿ. ಬಂದ ಕೊಬ್ಬಿನಲ್ಲಿ ಮಾಂಸ ಹುರಿಯಿರಿ. ಗರಿಗರಿ ಆದ ಚರ್ಮವನ್ನು ಸಣ್ಣಗೆ ಕೊಚ್ಚಿ ಕೊನೆಗೆ ಬೆರೆಸಿ. ಮೂಳೆ ಸೂಪಿಗೆ.

ದಮ್ಮಾಮ್‌ನಿಂದ ವಾಪಸ್
ಇಷ್ಟು ಸರಿಯಾಗಿ ವಿವರಿಸಿದ್ದು ನೋಡಿ ಖುಷಿಯಾಯಿತು. ಗಲ್ಫ್‌ನಲ್ಲಿ ತುಂಬಾ ವರ್ಷ ಇದ್ದವನು ನಾನು. ನಮ್ಮ ಕರಾವಳಿಗೆ ಈ ತಿಂಡಿ ಬಂದದ್ದರಲ್ಲಿ ಗಲ್ಫ್‌ಗೆ ಹೋಗಿ ಬಂದವರ ಪಾಲು ದೊಡ್ಡದು. ಅಲ್ಲಿನ ಸಣ್ಣ ಕೆಫೆಟೀರಿಯಾಗಳಲ್ಲಿ ರಾತ್ರಿ ಪಾಳಿ ಮುಗಿಸಿ ತಿಂದ ರುಚಿ ಅದು. ಊರಿಗೆ ಬಂದ ಮೇಲೂ ಅದೇ ಬೇಕು ಅನಿಸುತ್ತದೆ. ಅದರ ಮೂಲ ಗಲ್ಫ್ ಅಲ್ಲ. ಲೆಬನಾನ್, ಸಿರಿಯಾ ಕಡೆಯದ್ದು. ಅದಕ್ಕೂ ಹಿಂದೆ ತುರ್ಕಿಯ ಡೋನರ್ ಕಬಾಬ್, ನಿಂತ ಸರಳಿನಲ್ಲಿ ಮಾಂಸ ಸುಡುವ 19ನೇ ಶತಮಾನದ ಪದ್ಧತಿ. ಲೆಬನಾನ್‌ನಿಂದ ಮೆಕ್ಸಿಕೋಗೆ ವಲಸೆ ಹೋದವರು ಅಲ್ಲೂ ಸರಳು ನಿಲ್ಲಿಸಿದರು. ಅಲ್ಲಿನ ಟಾಕೋಸ್ ಅಲ್ ಪಾಸ್ತೋರ್ ಹುಟ್ಟಿದ್ದು ಹಾಗೆ. ಹೋದಲ್ಲೆಲ್ಲ ಆ ಊರಿನ ರೊಟ್ಟಿ, ಆ ಊರಿನ ಮಸಾಲೆ ಹಿಡಿದುಕೊಂಡಿದೆ.

ಮಸಾಲೆಗೆ ಒಂದು ಸೇರಿಸಿ: ಆಲ್‌ಸ್ಪೈಸ್. ಅರಬ್ಬಿ ಮಸಾಲೆಯ ಆ ಗುರುತಿನ ಪರಿಮಳದಲ್ಲಿ ಇದರದ್ದು ದೊಡ್ಡ ಪಾಲು. ನಮ್ಮಲ್ಲಿ ಸರ್ವಸಾಂಬಾರ ಅಂತ ಕೆಲವರ ಹಿತ್ತಿಲಲ್ಲಿ ಗಿಡ ಉಂಟು. ಎಲೆಯನ್ನು ತುಪ್ಪದನ್ನಕ್ಕೆ ಹಾಕುತ್ತಾರೆ. ಅದರ ಎರಡು ಎಲೆಯನ್ನು ಹರಿದು ಮೊಸರಿನ ಜೊತೆ ನೆನೆಸಲು ಹಾಕಿ, ಬೇಯಿಸುವಾಗ ತೆಗೆದುಬಿಡಿ. ಅದೇ ಗಿಡದ ಒಣ ಕಾಯಿಯ ಪುಡಿ ಸಿಕ್ಕಿದರೆ ಅರ್ಧ ಚಮಚ.

ದಯವಿಟ್ಟು ಗರಂ ಮಸಾಲೆ, ಕಸೂರಿ ಮೇಥಿ, ಚಾಟ್ ಮಸಾಲೆ ಹಾಕಬೇಡಿ. ಅದು ಬೇರೆಯೇ ತಿಂಡಿ ಆಗುತ್ತದೆ.

ಮಣಿಪಾಲ ಹಾಸ್ಟೆಲ್
ತಾಹಿನಿ ಸಾಸ್ ಬೇಡ್ವಾ? ಎಳ್ಳಿನ ಸಾಸ್ ಇಲ್ಲದೆ ಶವರ್ಮಾ ಪೂರ್ತಿ ಆಗುವುದಿಲ್ಲ ಅಂತ ನಮ್ಮ ಫ್ರೆಂಡ್ಸ್ ಹೇಳುತ್ತಾರೆ.

ದಮ್ಮಾಮ್‌ನಿಂದ ವಾಪಸ್
ತಾಹಿನಿ ಕುರಿ, ದನದ ಮಾಂಸದ ಶವರ್ಮಾಕ್ಕೆ. ಕೋಳಿಗೆ ಟೂಮ್, ಅಂದರೆ ಬೆಳ್ಳುಳ್ಳಿ ಸಾಸ್. ಲೆಬನಾನಿನವರು ಈ ವಿಷಯದಲ್ಲಿ ಗಟ್ಟಿ. ತಿನ್ನಬಾರದು ಅಂತ ಏನಿಲ್ಲ, ಆದರೆ ಕೋಳಿಗೆ ಬೆಳ್ಳುಳ್ಳಿ ಕೊಡುವ ಜೋರು ಎಳ್ಳು ಕೊಡುವುದಿಲ್ಲ.

ಲ್ಯಾಬ್ ಟೀಚರ್
ಸಾಸ್ ವಿಷಯಕ್ಕೆ ಬಂದಿರಲ್ಲ, ಇಲ್ಲಿ ಸ್ವಲ್ಪ ನಿಲ್ಲಿ. ನಾನು ಸೂಕ್ಷ್ಮಜೀವಿ ವಿಜ್ಞಾನ ಕಲಿಸುವವಳು, ಈ ವಿಷಯ ಬಂದಾಗಲೆಲ್ಲ ಹೇಳದೆ ಇರಲು ಆಗುವುದಿಲ್ಲ. 2022ರ ಮೇ ತಿಂಗಳಲ್ಲಿ ಪಕ್ಕದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಪರೀಕ್ಷೆಯಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿತು. 2023ರ ಜನವರಿಯಲ್ಲಿ ಕೇರಳ ಹಸಿ ಮೊಟ್ಟೆಯ ಮಯೋನೀಸ್ ನಿಷೇಧಿಸಿತು. ಆಮೇಲೆ 2024ರಲ್ಲಿ ತೆಲಂಗಾಣ, 2025ರಲ್ಲಿ ತಮಿಳುನಾಡು ಒಂದೊಂದು ವರ್ಷಕ್ಕೆ ನಿಷೇಧ ಹಾಕಿದವು. ಇದು ಸುಮ್ನೆ ಹೆದರಿಸುವ ಮಾತಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಯೋನೀಸ್ ಮಾಡುವಾಗ ಅದು ಬೇಯುವುದೇ ಇಲ್ಲ, ಆಮೇಲೆ ಸೆಕೆಯಲ್ಲಿ ಹೊರಗೆ ಕೂತಿರುತ್ತದೆ.

ಮಾಂಸದ ಕಡೆ ತೊಂದರೆ ಎರಡು. ಒಂದು, ಸರಳಿನಿಂದ ದಪ್ಪಗೆ ಕೆರೆದಾಗ ಒಳಗಿನ ಅರೆಬೆಂದ ಪದರವೂ ಬರುವುದು. ಎರಡು, ಗಿರಾಕಿ ಇಲ್ಲದಾಗ ಉರಿ ಆರಿಸಿ ಮಾಂಸವನ್ನು ಉಗುರು ಬೆಚ್ಚಗೆ ಬಿಡುವುದು. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೇಗ ಹೆಚ್ಚುತ್ತವೆ. ಮನೆಯಲ್ಲಿ ಕಾವಲಿ ಮೇಲೆ ಮಾಡುವಾಗ ಈ ಎರಡೂ ತಪ್ಪುತ್ತವೆ, ಅದೇ ದೊಡ್ಡ ಲಾಭ. ಮಾಂಸದ ಅತಿ ದಪ್ಪ ಜಾಗದಲ್ಲಿ 74 ಡಿಗ್ರಿ ಮುಟ್ಟಬೇಕು. ಚುಚ್ಚಿ ನೋಡುವ ಥರ್ಮಾಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಒಂದು ತೆಗೆದುಕೊಳ್ಳಿ. ಬಣ್ಣ ನೋಡಿ ಹೇಳಲು ಆಗುವುದಿಲ್ಲ, ಅದರಲ್ಲೂ ಬ್ಯಾಡಗಿ, ಅರಿಶಿನ ಹಾಕಿದ ಮೇಲೆ.

ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆಯಬೇಡಿ ಅಂದರೆ ನಮ್ಮ ಮನೆಯಲ್ಲೇ ಯಾರೂ ಕೇಳುವುದಿಲ್ಲ. ತೊಳೆಯಲೇಬೇಕಾದರೆ ಪಾತ್ರೆಯಲ್ಲಿ ನೀರು ತುಂಬಿ ನಿಧಾನ ಅದ್ದಿ ತೆಗೆಯಿರಿ, ಸಿಂಕ್ ಕೂಡಲೇ ಸೋಪ್ ಹಾಕಿ ತೊಳೆಯಿರಿ. ಅದರ ಪಕ್ಕದಲ್ಲಿ ಸೌತೆ, ಕ್ಯಾಬೇಜ್ ಹೆಚ್ಚಬೇಡಿ. ಹಲಗೆ, ಚೂರಿ ಬೇರೆ ಇರಲಿ. ಕೋಳಿ ನೆನೆಸಿದ ಮಸಾಲೆ ಉಳಿದರೆ ಚೆಲ್ಲಿ. ಬೇಕೇ ಬೇಕು ಅಂದರೆ ಕುದಿಸಿಯೇ ಬಳಸಿ.

ಬೆಜೈ ಮನೆ
ತುಂಬಾ ಥ್ಯಾಂಕ್ಸ್ ಟೀಚರ್. ನನಗೆ ಮೊಟ್ಟೆ ಇಲ್ಲದ ಸಾಸೇ ಬೇಕು. ಟೂಮ್ ಮಿಕ್ಸಿಯಲ್ಲಿ ಆಗುತ್ತದಾ? ಒಡೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಬಂದರು ಬಿರಿಯಾನಿ
ಟೂಮ್ ನಮ್ಮ ಮನೆಯಲ್ಲಿ ರಂಜಾನ್ ತಿಂಗಳಿಡೀ ಇರುತ್ತದೆ, ನಾನು ಹೇಳುತ್ತೇನೆ.

ಸುಲಿದ ಬೆಳ್ಳುಳ್ಳಿ 100 ಗ್ರಾಂ. ಪ್ರತಿ ಎಸಳನ್ನು ಸೀಳಿ ಒಳಗೆ ಹಸಿರು ಮೊಳಕೆ ಇದ್ದರೆ ತೆಗೆಯಿರಿ, ಅದು ಕಹಿ. ಒಂದು ಟೀ ಚಮಚ ಉಪ್ಪು ಹಾಕಿ ಸಣ್ಣ ಜಾರ್‌ನಲ್ಲಿ ನುಣ್ಣಗೆ ರುಬ್ಬಿ. ನಡುನಡುವೆ ನಿಲ್ಲಿಸಿ, ಬದಿ ಕೆರೆದು ಮತ್ತೆ ರುಬ್ಬಿ. ತರಿ ಉಳಿದರೆ ಸಾಸ್ ನಿಲ್ಲುವುದಿಲ್ಲ. ಆಮೇಲೆ ಸೂರ್ಯಕಾಂತಿ ಎಣ್ಣೆ, ಸುಮಾರು 300 ಮಿಲಿ, ಮತ್ತು ಲಿಂಬೆರಸ 60 ಮಿಲಿ. ಎರಡೂ ಫ್ರಿಜ್‌ನಲ್ಲಿಟ್ಟು ತಣ್ಣಗಾಗಿರಬೇಕು. ಮಿಕ್ಸಿ ಓಡುವಾಗ ಎಣ್ಣೆಯನ್ನು ನೂಲಿನಷ್ಟು ಸಣ್ಣಗೆ ಬಿಡಬೇಕು. ಎರಡು ಮೂರು ಚಮಚ ಎಣ್ಣೆ ಹೋದ ಮೇಲೆ ಅರ್ಧ ಚಮಚ ಲಿಂಬೆರಸ, ಮತ್ತೆ ಎಣ್ಣೆ, ಮತ್ತೆ ಲಿಂಬೆ. ಬೆಳ್ಳಗೆ, ಗಟ್ಟಿಯಾಗಿ ಏಳುತ್ತದೆ.

ಒಡೆಯುವುದಕ್ಕೆ ಕಾರಣ ಎರಡೇ: ಅವಸರ ಮತ್ತು ಬಿಸಿ. ಮಿಕ್ಸಿ ಜಾರ್ ಬೇಗ ಬಿಸಿ ಆಗುತ್ತದೆ. ಅರ್ಧ ನಿಮಿಷ ಓಡಿಸಿ, ಒಂದು ನಿಮಿಷ ಬಿಡಿ. ಜಾರನ್ನು ಮೊದಲೇ ಫ್ರೀಜರ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಇನ್ನೂ ಒಳ್ಳೆಯದು. ಮುಚ್ಚಳದಲ್ಲಿ ತೂತು ಇಲ್ಲದ ಜಾರ್ ಆದರೆ ನಿಲ್ಲಿಸಿ ನಿಲ್ಲಿಸಿ ಒಂದೊಂದೇ ಚಮಚ ಹಾಕಿ, ತಾಳ್ಮೆ ಬೇಕು. ಕೈ ಬ್ಲೆಂಡರ್ ಇದ್ದರೆ ಅದೇ ಸುಲಭ. ಒಡೆದರೂ ಚೆಲ್ಲಬೇಡಿ. ಬೇರೆ ಹತ್ತು ಎಸಳು ಬೆಳ್ಳುಳ್ಳಿ, ಸ್ವಲ್ಪ ಲಿಂಬೆರಸ ಹಾಕಿ ನುಣ್ಣಗೆ ರುಬ್ಬಿ. ಒಡೆದ ಸಾಸನ್ನು ಎಣ್ಣೆ ಬಿಟ್ಟ ಹಾಗೆಯೇ ಅದಕ್ಕೆ ನಿಧಾನ ಬಿಡಿ. ಕೂಡಿಕೊಳ್ಳುತ್ತದೆ.

ಮಣಿಪಾಲ ಹಾಸ್ಟೆಲ್
ತೆಂಗಿನೆಣ್ಣೆಯಲ್ಲಿ ಮಾಡಬಹುದಾ? ಮನೆಯಲ್ಲಿ ಅದೇ ಇರುವುದು.

ಬಂದರು ಬಿರಿಯಾನಿ
ಬೇಡ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ಫ್ರಿಜ್‌ಗೆ ಇಟ್ಟ ಕೂಡಲೇ ಸಾಸ್ ಗಡ್ಡೆ. ಪರಿಮಳವೂ ಬೆಳ್ಳುಳ್ಳಿಯ ಮೇಲೆ ಕೂರುತ್ತದೆ. ಆಲಿವ್ ಎಣ್ಣೆ ಮಿಕ್ಸಿಯಲ್ಲಿ ಕಹಿಯಾಗಬಹುದು. ವಾಸನೆ ಇಲ್ಲದ ಎಣ್ಣೆಯೇ ಸರಿ.

ಲ್ಯಾಬ್ ಟೀಚರ್
ಒಂದೇ ಮಾತು ಸೇರಿಸುತ್ತೇನೆ. ಹಸಿ ಬೆಳ್ಳುಳ್ಳಿ ಎಣ್ಣೆಯೊಳಗೆ ಇದ್ದಾಗ ಗಾಳಿ ಸಿಗುವುದಿಲ್ಲ. ಬೊಟುಲಿಸಂ ಎಂಬ ವಿಷಾಹಾರ ಕಾಯಿಲೆ ತರುವ ಬ್ಯಾಕ್ಟೀರಿಯಾಕ್ಕೆ ಅಂಥ ಜಾಗವೇ ಬೇಕು. ಲಿಂಬೆಯ ಹುಳಿ ತಡೆಯಲು ಸಹಾಯ ಮಾಡುತ್ತದೆ, ಹಾಗಂತ ಟೂಮನ್ನು ಹೊರಗೆ ಇಡುವಂತಿಲ್ಲ. ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ಲಿಂಬೆ ಕಡಿಮೆ ಮಾಡಬೇಡಿ.

ಕಾಪು ಬೀಚ್
ಇಷ್ಟು ಬೆಳ್ಳುಳ್ಳಿ ಸಣ್ಣ ಮಕ್ಕಳಿಗೆ ಖಾರ ಆಗುತ್ತದೆ ಮಾರಾಯ್ರೇ. ನಮ್ಮಲ್ಲಿ ಹಾಲಿನ ಮಯೋನೀಸ್ ಮಾಡುತ್ತೇವೆ. ಕಾಯಿಸಿ ತಣಿಸಿ ಫ್ರಿಜ್‌ನಲ್ಲಿಟ್ಟ ಹಾಲು 100 ಮಿಲಿ, ಎಣ್ಣೆ 200 ಮಿಲಿ, ಎರಡು ಎಸಳು ಬೆಳ್ಳುಳ್ಳಿ, ಉಪ್ಪು. ಉದ್ದ ಲೋಟಕ್ಕೆ ಹಾಕಿ, ಕೈ ಬ್ಲೆಂಡರನ್ನು ತಳಕ್ಕೆ ಒತ್ತಿ ಹಿಡಿದು ಶುರು ಮಾಡಿ. ತಳದಲ್ಲಿ ಗಟ್ಟಿಯಾದ ಮೇಲೆ ನಿಧಾನ ಮೇಲೆ ಎತ್ತಿ. ಲಿಂಬೆರಸ ಕೊನೆಗೆ, ಮೊದಲೇ ಹಾಕಿದರೆ ಹಾಲು ಒಡೆಯುತ್ತದೆ. ಇದಕ್ಕೆ ಎರಡು ಚಮಚ ಟೂಮ್ ಬೆರೆಸಿದರೆ ಅಂಗಡಿಯ ಗಾರ್ಲಿಕ್ ಮಯೋ ರುಚಿಯೇ ಬರುತ್ತದೆ. ಬ್ಲೆಂಡರ್ ಇಲ್ಲದಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರಿಗೆ ಟೂಮ್ ಬೆರೆಸಿ, ಅದೂ ಚೆನ್ನಾಗಿರುತ್ತದೆ.

ಕಂಕನಾಡಿ ಓವನ್
ಕುಬ್ಬೂಸ್ ಬಗ್ಗೆ ಯಾರೂ ಬರೆದಿಲ್ಲ. ಅಂಗಡಿಯ ಪ್ಯಾಕೆಟ್ ಕುಬ್ಬೂಸ್ ಒಂದು ದಿನ ಹಳೆಯದಾದರೆ ಸುತ್ತುವಾಗ ಒಡೆಯುತ್ತದೆ. ಮನೆಯಲ್ಲಿ ಮಾಡುವುದು ಕಷ್ಟ ಇಲ್ಲ.

ಮೈದಾ 400 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಸಕ್ಕರೆ ಒಂದು ಚಮಚ, ಉಪ್ಪು 9 ಗ್ರಾಂ, ಎಣ್ಣೆ ಒಂದು ಚಮಚ, ನೀರು 310 ಮಿಲಿ. ಹತ್ತು ನಿಮಿಷ ಚೆನ್ನಾಗಿ ನಾದಿ. ಮೊದಲು ಕೈಗೆ ಅಂಟುತ್ತದೆ, ಹಿಟ್ಟು ಸೇರಿಸಬೇಡಿ, ನಾದಿದ ಹಾಗೆ ಸರಿಯಾಗುತ್ತದೆ. ಪುಸ್ತಕದಲ್ಲಿ ಉಬ್ಬಲು ಒಂದು ಗಂಟೆ ಅಂತ ಇರುತ್ತದೆ, ನಮ್ಮ ಎಪ್ರಿಲ್ ಸೆಕೆಗೆ 40 ನಿಮಿಷದಲ್ಲೇ ಎರಡರಷ್ಟು ಆಗುತ್ತದೆ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಜಾಸ್ತಿ ಬಿಟ್ಟರೆ ಹುಳಿ ವಾಸನೆ. ಹತ್ತು ಉಂಡೆ ಮಾಡಿ, ಒದ್ದೆ ಬಟ್ಟೆ ಮುಚ್ಚಿ 15 ನಿಮಿಷ ಬಿಡಿ. ಈ ಬಿಡುವು ಕೊಡದಿದ್ದರೆ ಲಟ್ಟಿಸುವಾಗ ರಬ್ಬರಿನಂತೆ ಹಿಂದೆ ಎಳೆಯುತ್ತದೆ.

ಲಟ್ಟಿಸುವುದು ಮೂರು ಮಿಲಿಮೀಟರ್ ದಪ್ಪಕ್ಕೆ, ಎಲ್ಲ ಕಡೆ ಸಮ. ಒಂದು ಕಡೆ ತೆಳ್ಳಗಾದರೂ ಉಬ್ಬುವುದಿಲ್ಲ. ಒಳಗಿನ ನೀರು ಆವಿಯಾಗಿ ಎರಡು ಪದರವನ್ನು ಬೇರೆ ಮಾಡುವುದರಿಂದ ಅದು ಉಬ್ಬುವುದು. ಹಾಗಾಗಿ ಕಾವಲಿ ತುಂಬಾ ಕಾದಿರಬೇಕು. ಗುಳ್ಳೆ ಏಳುವಾಗ ಮಗುಚಿ, ಬಟ್ಟೆಯಿಂದ ಅಂಚು ಒತ್ತಿ. ಎರಡು ಬದಿ ಸೇರಿ ಒಂದೂವರೆ ನಿಮಿಷ ಮೀರಬಾರದು, ಮೀರಿದರೆ ಹಪ್ಪಳ. ತೆಗೆದ ಕೂಡಲೇ ಹತ್ತಿ ಬಟ್ಟೆಯಲ್ಲಿ ಒಂದರ ಮೇಲೊಂದು ಸುತ್ತಿಡಿ. ಆ ಹಬೆಯಲ್ಲೇ ಮೆತ್ತಗಾಗುತ್ತದೆ.

ಮಣಿಪಾಲ ಹಾಸ್ಟೆಲ್
ಪೂರ್ತಿ ಗೋಧಿಯಲ್ಲಿ ಮಾಡಿದರೆ?

ಕಂಕನಾಡಿ ಓವನ್
ಆಗುತ್ತದೆ, ನೀರು 30 ಮಿಲಿ ಜಾಸ್ತಿ ಹಾಕಿ. ಬಿಸಿ ಇರುವಾಗಲೇ ಸುತ್ತಿ ತಿನ್ನಬೇಕು. ತಣಿದರೆ ಮಡಿಸಿದಲ್ಲಿ ಸೀಳುತ್ತದೆ.

ಕುಂದಾಪ್ರ ಕೋಳಿ
ನಾನು ಬೇರೆಯೇ ಹೇಳುತ್ತೇನೆ. ಇಷ್ಟೆಲ್ಲ ಅರಬ್ಬಿ ಮಸಾಲೆ ಹುಡುಕುವ ಬದಲು ನಮ್ಮ ಘೀ ರೋಸ್ಟ್ ಮಸಾಲೆ ಹಾಕಿ ಸುತ್ತಿ. ಬ್ಯಾಡಗಿ, ಹುಣಸೆ, ತುಪ್ಪ. ಮಕ್ಕಳು ತಟ್ಟೆ ನೆಕ್ಕುತ್ತಾರೆ. ರೊಟ್ಟಿ ಬದಲು ನೀರುದೋಸೆ.

ದಮ್ಮಾಮ್‌ನಿಂದ ವಾಪಸ್
ಘೀ ರೋಸ್ಟ್ ನನಗೂ ಪ್ರಾಣ. ಆದರೆ ಅದರ ಹುಣಸೆ ಹುಳಿ ಮತ್ತು ಟೂಮ್‌ನ ಲಿಂಬೆ ಹುಳಿ ಒಟ್ಟಿಗೆ ಹೋಗುವುದಿಲ್ಲ. ತುಪ್ಪದ ಪರಿಮಳವನ್ನು ಬೆಳ್ಳುಳ್ಳಿ ನುಂಗುತ್ತದೆ. ಎರಡೂ ಹಾಳಾಗುತ್ತವೆ. ನೀರುದೋಸೆ ಸಾಸ್ ತಾಗಿದ ಕೂಡಲೇ ಹರಿಯುತ್ತದೆ, ಕೈಯಲ್ಲಿ ಹಿಡಿದು ತಿನ್ನುವುದಕ್ಕೆ ಅದು ಅಲ್ಲ.

ಕುಂದಾಪ್ರ ಕೋಳಿ
ಟೂಮ್ ಯಾಕೆ ಹಾಕಬೇಕು? ಘೀ ರೋಸ್ಟ್ ಸುತ್ತುವಾಗ ಹಸಿ ನೀರುಳ್ಳಿ, ಎರಡು ಹನಿ ಲಿಂಬೆ, ಅಷ್ಟೇ. ಮಸಾಲೆ ಪೂರ್ತಿ ಒಣಗಿ ಮಾಂಸಕ್ಕೆ ಅಂಟಬೇಕು, ಆಗ ನೀರುದೋಸೆ ಹರಿಯುವುದಿಲ್ಲ. ಬೇಕಾದರೆ ಎರಡು ದೋಸೆ ಜೋಡಿಸಿ. ನೀವು ಅದಕ್ಕೆ ಶವರ್ಮಾ ಅನ್ನದಿದ್ದರೂ ಅಡ್ಡಿಯಿಲ್ಲ. ಮೆಕ್ಸಿಕೋದವರು ಅವರ ರೊಟ್ಟಿ ಹಾಕಿದ್ದನ್ನು ನೀವೇ ಹೇಳಿದಿರಿ, ನಮ್ಮ ದೋಸೆ ಎಂತ ಪಾಪ ಮಾಡಿದೆ?

ಕಾರ್ಕಳ ಕಾವಲಿ
ಇಬ್ಬರ ಮಾತೂ ನಿಲ್ಲುತ್ತದೆ. ಆದರೆ ಬೆಜೈಯವರ ಮಕ್ಕಳು ಕೇಳಿದ್ದು ಶವರ್ಮಾ. ಅವರಿಗೆ ಮೊದಲು ಅದನ್ನೇ ಕೊಡಿ. ಘೀ ರೋಸ್ಟ್ ಮರುದಿನ ಮಾಡಿ.

ರಥಬೀದಿ ಪಕ್ಕ
ಉಡುಪಿಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಮಾಂಸ ಇಲ್ಲ, ಆದರೆ ಮಕ್ಕಳಿಗೆ ಶವರ್ಮಾ ಆಸೆ ಉಂಟು. ಪನೀರ್ ಹಾಕಿ ಬೇಸರ ಬಂದಿದೆ. ಬೇರೆ ಏನಾದರೂ?

ಕಾರ್ಕಳ ಕಾವಲಿ
ಗುಜ್ಜೆ! ಎಪ್ರಿಲ್‌ನಲ್ಲಿ ಎಳೆ ಹಲಸು ಸಿಗುತ್ತದೆ. ಸ್ವಲ್ಪ ಬಲಿತ, ಎಳೆ ಎಳೆಯಾಗಿ ಬಿಡಿಸಿಕೊಳ್ಳುವ ಗುಜ್ಜೆ ಆರಿಸಿ. ಕೈಗೆ, ಚೂರಿಗೆ ಎಣ್ಣೆ ಸವರಿ ದೊಡ್ಡ ಹೋಳು ಮಾಡಿ, ಉಪ್ಪು ಅರಿಶಿನ ಹಾಕಿ ಮುಕ್ಕಾಲು ಬೇಯಿಸಿ. ಪೂರ್ತಿ ಬೇಯಿಸಿದರೆ ಮುದ್ದೆ. ನೀರು ಬಸಿದು, ಬಟ್ಟೆಯಲ್ಲಿ ಹಾಕಿ ಹಿಂಡಿ. ನೀರು ಹೋದಷ್ಟು ಮಸಾಲೆ ಹಿಡಿಯುತ್ತದೆ. ಮೇಲೆ ಹೇಳಿದ ಅದೇ ಮಸಾಲೆ, ಮೊಸರು ಅರ್ಧ ಸಾಕು, ಎಣ್ಣೆ ಒಂದು ಚಮಚ ಜಾಸ್ತಿ, ಯಾಕೆಂದರೆ ಗುಜ್ಜೆಗೆ ತನ್ನದೇ ಕೊಬ್ಬು ಇಲ್ಲ. ಒಂದು ಗಂಟೆ ಬಿಟ್ಟು, ಕಾವಲಿಯಲ್ಲಿ ಹರಡಿ ಅಂಚು ಕೆಂಪಾಗುವವರೆಗೆ ಕೈ ಹಾಕದೆ ಬಿಡಿ. ಪದೇ ಪದೇ ತಿರುವಿದರೆ ಕೆಂಪಾಗುವುದಿಲ್ಲ. ಸುವರ್ಣಗಡ್ಡೆಯೂ ಆಗುತ್ತದೆ, ಹುಳಿ ನೀರಿನಲ್ಲಿ ಬೇಯಿಸಿ ಉದ್ದುದ್ದ ಕತ್ತರಿಸಿ ಹುರಿಯಬೇಕು, ಇಲ್ಲವಾದರೆ ಗಂಟಲು ತುರಿಸುತ್ತದೆ. ನನಗೆ ಗುಜ್ಜೆಯೇ ಹೆಚ್ಚು ಇಷ್ಟ.

ರಥಬೀದಿ ಪಕ್ಕ
ಹಲಸಿನ ಹಣ್ಣಿನ ಕಡುಬಿನಷ್ಟೇ ಪ್ರೀತಿ ನಮ್ಮಲ್ಲಿ ಗುಜ್ಜೆ ಪಲ್ಯಕ್ಕೂ ಉಂಟು, ಹಾಗಾಗಿ ಇದು ಖಂಡಿತ ನಡೆಯುತ್ತದೆ. ಬೆಳ್ಳುಳ್ಳಿ ತಿನ್ನದವರಿಗೆ ಕಟ್ಟಿದ ಮೊಸರಿಗೆ ಎಳ್ಳು ರುಬ್ಬಿ ಹಾಕಿ ಕೊಡುತ್ತೇನೆ.

ಕಾಪು ಬೀಚ್
ಉಪ್ಪಿನಕಾಯಿಯನ್ನು ಮರೆಯಬೇಡಿ. ಅಲ್ಲಿ ಗುಲಾಬಿ ಬಣ್ಣದ ಟರ್ನಿಪ್ ಇರುತ್ತದೆ, ನಾವು ಮುಳ್ಳಂಗಿ ಬಳಸುತ್ತೇವೆ. ಬೆರಳಿನಷ್ಟು ಉದ್ದ ಕತ್ತರಿಸಿ, ಜೊತೆಗೆ ಕ್ಯಾರೆಟ್, ಎರಡು ಬಿಲ್ಲೆ ಬೀಟ್‌ರೂಟ್. ಎರಡು ಲೋಟ ನೀರು, ಒಂದು ಲೋಟ ವಿನೆಗರ್, ಎರಡು ಚಮಚ ಉಪ್ಪು ಕುದಿಸಿ ತಣಿಸಿ ಮೇಲೆ ಸುರಿಯಿರಿ. ಫ್ರಿಜ್‌ನಲ್ಲಿ ಎರಡು ದಿನ. ಬೀಟ್‌ರೂಟಿನಿಂದಲೇ ಗುಲಾಬಿ ಬಣ್ಣ ಬರುತ್ತದೆ. ಎಳೆ ಮುಳ್ಳುಸೌತೆಯನ್ನೂ ಇದರಲ್ಲೇ ಹಾಕಬಹುದು. ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಬೇಡ.

ಸುಮಾಕ್ (ಅರಬ್ಬಿ ಅಡುಗೆಯ ಕೆಂಪು ಹುಳಿ ಪುಡಿ) ಸಿಗದವರಿಗೆ ಒಂದು ದಾರಿ. ಒಣ ಪುನರ್ಪುಳಿ (ಕೋಕಂ) ಸಿಪ್ಪೆಯನ್ನು ಬಿಸಿಲಿಗೆ ಇಟ್ಟು ಗರಿಗರಿ ಆದ ಮೇಲೆ ಪುಡಿ ಮಾಡಿ, ತೆಳ್ಳಗೆ ಹೆಚ್ಚಿದ ನೀರುಳ್ಳಿಗೆ ಚಿಟಿಕೆ ಬೆರೆಸಿ. ಹುಳಿ, ಬಣ್ಣ ಎರಡೂ ಬರುತ್ತದೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಆದರೆ ನೀರುಳ್ಳಿಗೆ ಬೇರೆ ಉಪ್ಪು ಹಾಕಬೇಡಿ.

ಬಂದರು ಬಿರಿಯಾನಿ
ಪುನರ್ಪುಳಿ ಐಡಿಯಾ ತುಂಬಾ ಒಳ್ಳೆಯದು, ನಾನೂ ಮಾಡುತ್ತೇನೆ. ಹೊಗೆ ಪರಿಮಳ ಬೇಕಾದವರು ಗೆರಟೆ (ತೆಂಗಿನ ಚಿಪ್ಪು) ಕೆಂಡ ಬಳಸಿ. ಎರಡನೇ ಸುತ್ತು ಹುರಿದ ಮಾಂಸವನ್ನು ಅಗಲ ಪಾತ್ರೆಗೆ ಹಾಕಿ, ನಡುವೆ ಸಣ್ಣ ಸ್ಟೀಲ್ ಬಟ್ಟಲು ಇಡಿ. ಗೆರಟೆ ತುಂಡನ್ನು ಕೆಂಪಗೆ ಸುಟ್ಟು ಬಟ್ಟಲಿಗೆ ಹಾಕಿ, ಅರ್ಧ ಚಮಚ ಕೋಳಿ ಕೊಬ್ಬು ಬಿಟ್ಟು ಕೂಡಲೇ ಮುಚ್ಚಿ. ಎರಡು ನಿಮಿಷ ಸಾಕು. ಐದು ನಿಮಿಷ ಬಿಟ್ಟರೆ ಕಹಿ. ಕಿಟಕಿ ತೆರೆದಿರಲಿ.

ಬೆಜೈ ಮನೆ
ಎಲ್ಲ ಬರೆದುಕೊಂಡೆ. ಹೀಗೆ ಮಾಡುತ್ತೇನೆ, ಸರಿಯಾ ನೋಡಿ. ಎರಡು ದಿನ ಮೊದಲು ಮುಳ್ಳಂಗಿ ಉಪ್ಪಿನಕಾಯಿ. ಹಿಂದಿನ ಸಂಜೆ ಟೂಮ್, ರಾತ್ರಿ ಕೋಳಿ ನೆನೆಸುವುದು. ಆ ದಿನ ನಾಲ್ಕು ಗಂಟೆಗೆ ಹಿಟ್ಟು ನಾದಿ, ಐದಕ್ಕೆ ಕುಬ್ಬೂಸ್ ಬೇಯಿಸಿ ಬಟ್ಟೆಯಲ್ಲಿ ಸುತ್ತಿಡುವುದು. ಆಮೇಲೆ ಅದೇ ಕಾವಲಿಯಲ್ಲಿ ಕೋಳಿ. ಹಾಲಿನ ಮಯೋ ಸಣ್ಣವರಿಗೆ. ಒಂದು ಕಿಲೋಗೆ ಎಷ್ಟು ರೋಲ್ ಆಗುತ್ತದೆ?

ಕಾರ್ಕಳ ಕಾವಲಿ
ಎಂಟು, ಸಣ್ಣ ಮಕ್ಕಳಿಗಾದರೆ ಹತ್ತು. ಬೆಂದ ಮೇಲೆ ಮಾಂಸ ಕಾಲು ಭಾಗದಷ್ಟು ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಕ್ರಮ ಸರಿ ಉಂಟು. ಒಂದೇ ಬದಲಾವಣೆ: ಆಲೂಗಡ್ಡೆ ಫ್ರೈ ಹಾಕುವುದಾದರೆ ಕೊನೆಗೆ ಕರಿಯಿರಿ, ಮೊದಲೇ ಕರಿದಿಟ್ಟರೆ ಸೆಕೆಗೆ ಮೆತ್ತಗಾಗುತ್ತದೆ.

ಸುತ್ತುವಾಗ ಸಾಸ್ ಮೊದಲು ರೊಟ್ಟಿಗೆ ಸವರಿ, ಅದರ ಮೇಲೆ ಬಿಸಿ ಮಾಂಸ, ಆಮೇಲೆ ನೀರು ಹಿಂಡಿದ ಉಪ್ಪಿನಕಾಯಿ, ಫ್ರೈ. ಟೊಮೆಟೊ ಹಾಕಬೇಡಿ, ನೀರು ಬಿಡುತ್ತದೆ. ಬಿಗಿಯಾಗಿ ಸುತ್ತಿ, ಅಂಚು ಕೆಳಗೆ ಬರುವಂತೆ ಕಾವಲಿಯ ಮೇಲೆ ಕೋಳಿ ಕೊಬ್ಬಿನಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಂಟಿಕೊಳ್ಳುತ್ತದೆ, ಹೊರಗೂ ಗರಿಯಾಗುತ್ತದೆ.

ಸುರತ್ಕಲ್ ಟಿಫಿನ್
ತಡವಾಗಿ ಬಂದೆ. ಬೆಳಿಗ್ಗೆ ಮಾಡಿ ಶಾಲೆಯ ಟಿಫಿನ್‌ಗೆ ಕಟ್ಟಬಹುದಾ? ಮಧ್ಯಾಹ್ನ ಒಂದು ಗಂಟೆಗೆ ತಿನ್ನುತ್ತಾರೆ.

ಲ್ಯಾಬ್ ಟೀಚರ್
ಮಾಮೂಲಿ ಡಬ್ಬಿಯಲ್ಲಿ ಬೇಡ. ಬೇಯಿಸಿದ ಕೋಳಿ ನಮ್ಮ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇರಬಾರದು. ಬೆಳಿಗ್ಗೆ ಎಂಟಕ್ಕೆ ಕಟ್ಟಿದರೆ ಐದು ಗಂಟೆ ಆಯಿತು. ಐಸ್ ಪ್ಯಾಕ್ ಇರುವ ಚೀಲ ಇದ್ದರೆ ಮಾತ್ರ, ಅದೂ ಮಾಂಸ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ ತಣಿದಿರಬೇಕು. ಇಲ್ಲದಿದ್ದರೆ ಸಂಜೆ ಮನೆಗೆ ಬಂದ ಮೇಲೆ ಕೊಡಿ. ಉಳಿದ ಮಾಂಸವನ್ನು ಸಾಸ್ ಬೆರೆಸದೆ ಫ್ರಿಜ್‌ನಲ್ಲಿಟ್ಟರೆ ಮರುದಿನ ಕಾವಲಿಯಲ್ಲಿ ಹಬೆಯಾಡುವಷ್ಟು ಬಿಸಿ ಮಾಡಿ ಬಳಸಬಹುದು.

ಸುರತ್ಕಲ್ ಟಿಫಿನ್
ಹಾಗಾದರೆ ಸಂಜೆಗೇ ಇರಲಿ. ಸುತ್ತಲು ಪೇಪರ್ ಯಾವುದು?

ಕಂಕನಾಡಿ ಓವನ್
ಬಟರ್ ಪೇಪರ್. ನ್ಯೂಸ್ ಪೇಪರ್ ಬೇಡ, ಶಾಯಿ ಎಣ್ಣೆಗೆ ಬಿಡುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರವೂ ಅದರಲ್ಲಿ ತಿಂಡಿ ಕಟ್ಟಬೇಡಿ ಅಂತ ಹೇಳಿದೆ. ಕೆಳಗಿನ ತುದಿಯನ್ನು ಎರಡು ಸಲ ಮಡಚಿ ತಿರುಚಿ, ಸಾಸ್ ಕೈಗೆ ಇಳಿಯುವುದಿಲ್ಲ.